ಐದು ನಿಮಿಷ ಹರಿಸಿದ ನೀರು

ಅಡುಗೆಮನೆಯ ನಲ್ಲಿಯ ಮೇಲೆ ಸೋದರತ್ತೆ ಕೈಯಿಟ್ಟದ್ದೇ ತಡ, ಟೇಲರ್ ಮಗಳು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡೇ ಓಡಿಬಂದು ಆ ಕೈ ಹಿಡಿದಳು.

"ತಿರುಗಿಸ್ಬೇಡಿ ಅತ್ತೆ. ಅಪ್ಪ ಕಟ್ಟಿದ್ದು."

ನಲ್ಲಿಗೆ ಅಳತೆ ಟೇಪು ಸುತ್ತಿ ಗಂಟು ಹಾಕಿತ್ತು. ಟೇಲರ್ ನಿನ್ನೆ ಸಂಜೆ ತಮ್ಮ ಕೈಯಾರೆ ಬಿಗಿದದ್ದು. ಅದಾಗಿ ಒಂದು ಗಂಟೆಯೊಳಗೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಈಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಒಂಬತ್ತಕ್ಕೆ ಗಾಡಿ ಬರುವುದಿತ್ತು.

"ಮನೆ ತುಂಬ ಜನ, ಕುಡಿಯೋಕೆ ತೊಟ್ಟು ನೀರಿಲ್ಲ. ನಮ್ಮಣ್ಣ ಸತ್ರೂ ಹಟ ಬಿಡ್ಲಿಲ್ಲ ನೋಡು," ಎಂದರು ಅತ್ತೆ. ಅಳುವೂ ಬೈಗುಳವೂ ಒಟ್ಟಿಗೇ ಬಂದವು.

"ಪರೀಕ್ಷೆಯವರು ಬಂದು ಹೋಗೋವರೆಗೆ ಪಕ್ಕದ ಮನೇಲಿ ಹಿಡಿಯೋಣ."

"ಸಾವಿನ ಮನೇಲಿ ನೀರಿನ ಪರೀಕ್ಷೆಯಂತೆ." ಅತ್ತೆ ಪಾತ್ರೆ ಎತ್ತಿಕೊಂಡು ಗೊಣಗುತ್ತ ಹೊರಟರು.

ಮಗಳಿಗೂ ಇದರ ತಲೆಬುಡ ಪೂರ್ತಿ ತಿಳಿದಿರಲಿಲ್ಲ. ನಿನ್ನೆ ಅಪ್ಪ ಟೇಪು ಸುತ್ತುವಾಗ, "ಅಂಗಿ ಹೊಲಿಯೋದು ಬಿಟ್ಟು ನೀರಿಗೆ ತೇಪೆ ಹಾಕೋಕೆ ಹೊರಟ್ಯಲ್ಲಪ್ಪ," ಎಂದು ಆಡಿಕೊಂಡಿದ್ದಳು. ಅದೇ ಕೊನೆಯ ಮಾತಾಯಿತು. ಅವರು ಕೇಳಹೊರಟದ್ದನ್ನು ಕೇಳದೆ ಬಿಡುವುದು ಅವಳಿಂದ ಆಗುವಂತಿರಲಿಲ್ಲ.

*

ಮಗಳು ಹೆರಿಗೆಗೆಂದು ತವರಿಗೆ ಬಂದ ವಾರವೇ ಟೇಲರ್ ನೀರಿನ ಕಚೇರಿಗೆ ಹೋಗಿದ್ದರು. ಹಳೇ ಬೀದಿಗಳಲ್ಲಿ ಸೀಸದ ಕೊಳವೆಗಳಿವೆ, ಸೀಸ ಬೆರೆತ ನೀರು ಹೊಟ್ಟೆಯಲ್ಲಿರುವ ಕೂಸಿಗೆ ಕೆಟ್ಟದ್ದು ಎಂದು ಗಿರಾಕಿಯೊಬ್ಬರು ಹೇಳಿದ್ದರು. ಯಾರು ಬೇಕಾದರೂ ನೋಡಬಹುದಾದ, ಹನ್ನೊಂದು ವರ್ಷಗಳ ನೀರಿನ ಪರೀಕ್ಷೆಯ ವರದಿಗಳು ಅಲ್ಲಿದ್ದವು. ಬೆಂಚಿನ ಮೇಲೆ ಕುಳಿತು ಬೆರಳಿಟ್ಟು ಓದಿದರು. ಹನ್ನೊಂದು ವರ್ಷವೂ ಸೀಸ ಮಿತಿಯೊಳಗೇ ಇತ್ತು. ಬೇರೆಯವರಾಗಿದ್ದರೆ ನೆಮ್ಮದಿಯಿಂದ ಮನೆಗೆ ಬರುತ್ತಿದ್ದರು. ಇವರು ಮಾದರಿ ತೆಗೆಯುವ ಹೆಂಗಸನ್ನು ಹುಡುಕಿಕೊಂಡು ಒಳಕೋಣೆಗೆ ಹೋದರು.

"ನೀರು ಹೇಗೆ ಹಿಡೀತೀಯಮ್ಮ?"

"ಐದು ನಿಮಿಷ ನಲ್ಲಿ ಬಿಟ್ಟು ಆಮೇಲೆ ಬಾಟಲಿ ತುಂಬ್ತೀವಿ. ರಾತ್ರಿಯೆಲ್ಲ ಕೊಳವೇಲಿ ನಿಂತಿದ್ದು ಹೋಗ್ಲಿ ಅಂತ."

"ನನ್ನ ಮಗಳು ಎದ್ದ ಕೂಡ್ಲೇ ಕುಡಿಯೋದು ಆ ನಿಂತ ನೀರೇ ಅಲ್ವಾ?"

ಆಕೆ ಪೆನ್ನು ಕೆಳಗಿಟ್ಟಳು. "ರೋಗಾಣು ನೋಡೋಕೆ ಹಾಗೇ ಹಿಡೀಬೇಕು ಸರ್. ಸೀಸಕ್ಕೆ ಮೊದಲ ನೀರು ಬೇಕು. ನಾವು ಎರಡಕ್ಕೂ ಒಂದೇ ಬಾಟಲಿ ಅಂತ ಮಾಡ್ಕೊಂಡು ಬಂದ್ಬಿಟ್ವಿ."

"ಅಂಗಿಗೆ ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲೋರಿದ್ದಾರೆ. ಅಳತೇಲಿ ತಪ್ಪಿರಲ್ಲ, ಗುಂಡಿ ಮಾತ್ರ ಹಾಕೋಕಾಗಲ್ಲ."

ಆಕೆ ನಕ್ಕಳು. ನಗು ನಿಂತ ಮೇಲೆ ಅವರ ಮನೆಗೆ ಬರಲು ದಿನ ಗೊತ್ತುಮಾಡಿ, ಹಿಂದಿನ ಸಂಜೆಯಿಂದ ನಲ್ಲಿ ಮುಟ್ಟಬಾರದು ಎಂದಳು.

*

ಎಂಟೂವರೆಗೆ ಮಾದರಿ ತೆಗೆಯಲು ಬಂದವಳು ಬಾಗಿಲಲ್ಲಿದ್ದ ಚಪ್ಪಲಿಗಳ ರಾಶಿ ನೋಡಿ ಹಿಂದೆ ಸರಿದಳು. "ಇನ್ನೊಂದಿನ ಬರ್ತೀನಿ."

"ಬನ್ನಿ. ಅಪ್ಪ ಇದಕ್ಕೇ ಕಾಯ್ತಿದ್ರು," ಎಂದು ಮಗಳು ಅವಳನ್ನು ಒಳಗೆ ಕರೆದುಕೊಂಡು ಹೋಗಿ ಗಂಟು ಬಿಚ್ಚಿದಳು.

ಮೊದಲ ಹನಿಯಿಂದಲೇ ಬಾಟಲಿ ತುಂಬಿತು. ಅತ್ತೆ ಬಗ್ಗಿ ನೋಡಿದರು. "ಕನ್ನಡಿ ಹಾಗಿದೆಯಲ್ಲ."

"ಸೀಸ ಕಣ್ಣಿಗೆ ಕಾಣಲ್ಲಮ್ಮ. ಉತ್ತರ ಬರೋಕೆ ಹತ್ತು ದಿನ ಬೇಕು. ಅಲ್ಲೀವರೆಗೆ ಬೆಳಗ್ಗೆ ಐದು ನಿಮಿಷ ಬಿಟ್ಟು ಕುಡೀರಿ." ನಮೂನೆಯಲ್ಲಿ 'ಐದು ನಿಮಿಷ ಹರಿಸಿದ ನಂತರ' ಎಂದು ಅಚ್ಚಾಗಿದ್ದುದನ್ನು ಆಕೆ ಹೊಡೆದುಹಾಕಿ, 'ಮೊದಲ ನೀರು' ಎಂದು ಕೈಯಲ್ಲಿ ಬರೆದಳು. ಕೇಳಿದವರು ಯಾರು ಎಂಬಲ್ಲಿ ಟೇಲರ್ ಹೆಸರು ಬರೆದು, ಅವರಿಗೆ ಕೈಮುಗಿದು ಹೋದಳು.

"ಬೆಳಗ್ಗಿಂದ ಏನೂ ಕುಡಿದಿಲ್ಲ ನೀನು," ಎಂದು ಅತ್ತೆ ಅದೇ ನಲ್ಲಿಯಿಂದ ಲೋಟ ತುಂಬಿಸಿ ಅಣ್ಣನ ಮಗಳತ್ತ ಚಾಚಿದರು. ಅವಳು ಹಿಡಿಯುವ ಮೊದಲೇ ಕೈ ಹಿಂದೆಗೆದು ನೀರನ್ನು ಚೆಲ್ಲಿಬಿಟ್ಟರು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಖಾಲಿ ಲೋಟ ಹಿಡಿದು ಗೋಡೆ ಗಡಿಯಾರಕ್ಕೆ ಮುಖಮಾಡಿ ನಿಂತರು.

ಗಾಡಿ ಬಂತು, ಎತ್ತೋಣವೇ ಎಂದು ಹೊರಗಿನಿಂದ ಯಾರೋ ಕೇಳಿದರು.

"ಐದು ನಿಮಿಷ ಇರಿ," ಎಂದರು ಅತ್ತೆ.

ನೀರು ಸುರಿಯುವ ಸದ್ದು ನಡುಮನೆಯಲ್ಲಿ ಟೇಲರ್ ಮಲಗಿದ್ದಲ್ಲಿಗೂ ಕೇಳುತ್ತಿತ್ತು.