ಅತ್ತೆಯವರಿಗೊಂದು ಹೀಟರ್

ಬೆಂಗಳೂರಿನಲ್ಲಿ ಕಾರಿಗೆ ಹೀಟರ್ ಬೇಕೆನ್ನುವವನು ಒಂದೋ ಹುಚ್ಚ, ಇಲ್ಲ ಜಂಬಗಾರ. ನಾನು ಎರಡನೆಯವನು. ತೊಂಬತ್ನಾಲ್ಕರಲ್ಲಿ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡೆ. ಕೆಂಪು ಬಣ್ಣ, ಎರಡೇ ಸೀಟು. ಗಾಂಧಿ ಬಜಾರಿನ ಹೂವಿನವರು ಅದನ್ನು ಆಟದ ಸಾಮಾನೆಂದು ನಗುತ್ತಿದ್ದರು. ಅದರಲ್ಲಿ ಹೀಟರ್ ಇದೆಯೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹಾಕಿ ನೋಡಿರಲಿಲ್ಲ.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಆ ಜಂಬಕ್ಕೆ ಕೆಲಸ ಬಂತು. ನನ್ನ ಹೆಂಡತಿ ಗೋದಾಳ ತಾಯಿ ಕಾವೇರಮ್ಮನವರಿಗೆ ಉಬ್ಬಸ. ಸಂಕ್ರಾಂತಿ ಕಳೆಯುವವರೆಗೆ ಬೆಳಗಿನ ಥಂಡಿಯಲ್ಲಿ ಹೊರಗೆ ಹೋಗಕೂಡದೆಂದು ಡಾಕ್ಟರು ಹೇಳಿಬಿಟ್ಟರು. ವೈಕುಂಠ ಏಕಾದಶಿಗೆ ನಾಲ್ಕೇ ದಿನವಿತ್ತು. ನಲವತ್ತೊಂದು ವರ್ಷ ಒಮ್ಮೆಯೂ ತಪ್ಪಿಸದೆ, ಬೆಳಗಿನ ಜಾವಕ್ಕೇ ಕೋಟೆ ವೆಂಕಟರಮಣನ ವೈಕುಂಠದ್ವಾರ ಹಾದು ಬಂದವರು ಅವರು. ಅವರ ಕಣ್ಣು ತುಂಬಿತು. ನನಗೆ ತಡೆಯಲಾಗಲಿಲ್ಲ. "ನಮ್ ಕಾರಲ್ಲಿ ಹೀಟರ್ ಇದೆ ಡಾಕ್ಟ್ರೇ" ಎಂದೆ.

"ಹಾಗಾದ್ರೆ ಬೆಚ್ಚಗೆ ಕರ್ಕೊಂಡ್ ಹೋಗಿ, ಬೆಚ್ಚಗೆ ಕರ್ಕೊಂಡ್ ಬನ್ನಿ. ಕ್ಯೂನಲ್ಲಿ ನಿಲ್ಲಿಸ್ಬೇಡಿ" ಎಂದರು ಡಾಕ್ಟರು.

ಅತ್ತೆಯವರು ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ನಮ್ಮ ಮದುವೆಯಾಗಿ ಹದಿನೆಂಟು ವರ್ಷ, ಅವರು ನಮ್ಮ ಮನೆಗೆ ಬಂದು ಐದು ವರ್ಷ. ನಾನು ಎದುರಿಗೇ ಕೂತಿದ್ದರೂ, "ಗೋದಾ, ಅವರಿಗೆ ಇನ್ನೊಂಚೂರು ಕಾಫಿ ಬೇಕಾ ಕೇಳು" ಎನ್ನುವರು. ಶಂಖದಿಂದ ಬಂದರೇ ತೀರ್ಥ. ಅವರ ಕಾಲದ ಮರ್ಯಾದೆ ಅದು, ನನಗೂ ರೂಢಿಯಾಗಿತ್ತು.

ಅದೇ ಸಂಜೆ ಹೀಟರಿನ ಗುಂಡಿ ಎಳೆದೆ. ಗಾಳಿ ಬರಲಿಲ್ಲ, ಫ್ಯೂಸ್ ಸುಟ್ಟಿತು. ಹೊಸದು ಹಾಕಿದೆ, ಅದೂ ಸುಟ್ಟಿತು. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವನು. ಎಲ್ಲೋ ವೈರು ಶಾರ್ಟ್ ಆಗಿದೆಯೆಂದು ತೀರ್ಮಾನಿಸಿ, ಎರಡು ದಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಕಂಡ ಕಂಡ ವೈರಿಗೆಲ್ಲ ಟೇಪು ಸುತ್ತಿದೆ. ಏಳು ಫ್ಯೂಸ್ ಸುಟ್ಟವು. ಇಂಗ್ಲೆಂಡಿನವರನ್ನೂ ಬೈದೆ, ನನಗೆ ಕಾರು ಮಾರಿದವನನ್ನೂ ಬೈದೆ.

ಮೂರನೆಯ ದಿನ ಗೋದಾ ನನ್ನನ್ನು ಕೇಳದೆ ಚಾಮರಾಜಪೇಟೆಯ ಆಟೋ ಎಲೆಕ್ಟ್ರಿಷಿಯನ್ ಮುರುಗೇಶನಿಗೆ ಫೋನ್ ಮಾಡಿದಳು. ಅವನು ಬಂದವನೇ ಬಿಸಿಗಾಳಿ ಊದುವ ಬ್ಲೋವರ್ ಮೋಟರಿನ ವೈರು ಬಿಡಿಸಿ, ಹೊಸ ಫ್ಯೂಸ್ ಹಾಕಿ ಗುಂಡಿ ಎಳೆದ. ಫ್ಯೂಸ್ ಉಳಿಯಿತು.

"ವೈರಿಂಗ್ ಚೆನ್ನಾಗೇ ಇದೆ ಸಾರ್. ಫ್ಯಾನ್‌ಗೆ ಏನೋ ಸಿಕ್ಕಾಕೊಂಡಿದೆ. ತಿರುಗಕ್ಕಾಗ್ದೆ ಕರೆಂಟ್ ಜಾಸ್ತಿ ಎಳೀತಿದೆ, ಅದಕ್ಕೇ ಫ್ಯೂಸ್ ಹೋಗ್ತಿದೆ."

ಇದನ್ನು ನಾನು ಪ್ರತಿವರ್ಷ ಪಿಯುಸಿ ಹುಡುಗರಿಗೆ ಹೇಳಿಕೊಡುತ್ತೇನೆ. ಕೈಲಿದ್ದ ಟೇಪಿನ ಸುರುಳಿಯನ್ನು ಜೇಬಿಗೆ ಹಾಕಿಕೊಂಡೆ.

ಮುರುಗೇಶ ಬ್ಲೋವರಿನ ಡಬ್ಬಿ ಬಿಚ್ಚಿ ನೆಲಕ್ಕೆ ಬಗ್ಗಿಸಿದ. ಒಣಗಿದ ಸೇವಂತಿಗೆ, ಕನಕಾಂಬರ, ಅರಿಶಿನದ ಅಕ್ಷತೆ, ಹೂ ಕಟ್ಟಿದ ಬಾಳೆನಾರು, ಎಲ್ಲ ಸೇರಿ ಎರಡು ಬೊಗಸೆ ಬಿತ್ತು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಹೋಗಲು ಉದ್ದುದ್ದ ಸೀಳುಗಳಿವೆ. ಹೂವು ಸಿಕ್ಕಿಸಲೆಂದೇ ಮಾಡಿದ ಜಾಗ ಅದೆಂದು ಅತ್ತೆಯವರು ತಿಳಿದಿದ್ದರು. ಐದು ಆಯುಧಪೂಜೆಗಳಲ್ಲೂ ಅಲ್ಲಿಗೆ ಭಕ್ತಿಯಿಂದ ಹೂವು ತುಂಬಿ ಅಕ್ಷತೆ ಹಾಕಿದ್ದರು. ನಾನು ಪಕ್ಕದಲ್ಲೇ ನಿಂತು ಫೋಟೋ ತೆಗೆದಿದ್ದೆ.

"ಯಾರ್ ಸಾರ್ ಇಲ್ಲಿ ಹೂವ ತುಂಬ್ಸಿದ್ದು?" ಮುರುಗೇಶ ನಗುತ್ತ ಕೇಳಿದ.

ಎರಡು ದಿನದ ಬೆನ್ನುನೋವು ಬಾಯಿಗೆ ಬಂತು. ಅಷ್ಟರಲ್ಲಿ ಕಿಟಕಿಯ ಸರಳುಗಳ ಹಿಂದೆ ಅತ್ತೆಯವರ ಮುಖ ಕಂಡಿತು. ಪೂಜೆಯಲ್ಲೇ ಅಪಚಾರ ಮಾಡಿದೆನೋ ಎಂಬಂತೆ ಬಿಳಿಚಿಕೊಂಡಿತ್ತು.

"ನಾನೇ ಕಣಪ್ಪ" ಎಂದೆ. "ಬುದ್ಧಿ ಇರ್ಲಿಲ್ಲ."

ಮುರುಗೇಶ ನನ್ನನ್ನು ಪಾಪ ಎನ್ನುವಂತೆ ನೋಡಿದ. ಫ್ಯಾನ್ ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು ಮತ್ತೆ ಕೂರಿಸಿದ. ಇಂಜಿನ್ ಕಾದ ಮೇಲೆ ಬಿಸಿಗಾಳಿ ಭರ್ರೆಂದು ಬಂತು.

ಏಕಾದಶಿಯ ದಿನ ನಾಲ್ಕೂವರೆಗೆ ಹೊರಟೆವು. ಎರಡೇ ಸೀಟಾದ್ದರಿಂದ ಗೋದಾ ಹಿಂದೆ ಆಟೋದಲ್ಲಿ ಬಂದಳು. ಅತ್ತೆಯವರು ಶಾಲು ಹೊದ್ದು, ಬಾಗಿಲಿಗೆ ಒತ್ತಿಕೊಂಡು ಕೂತರು. ದೇವಸ್ಥಾನದವರು ವಯಸ್ಸು ನೋಡಿ ಪಕ್ಕದ ಬಾಗಿಲಿನಿಂದ ಬಿಟ್ಟರು. ದರ್ಶನವಾಯಿತು, ದ್ವಾರವನ್ನೂ ಹಾದರು, ಒಂದು ಸಲವೂ ಉಬ್ಬಸ ಬರಲಿಲ್ಲ. ಅವರು ಕಣ್ಣೊರೆಸಿಕೊಂಡು ಕಾರು ಹತ್ತಿದಾಗ ನನಗೆ ಹೇಳತೀರದ ಸಂತೋಷವಾಯಿತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ, ರಸ್ತೆಯನ್ನೇ ನೋಡುತ್ತ ಅವರು ಮೆಲ್ಲಗೆ ಹೇಳಿದರು:

"ಬರೋ ವರ್ಷ ಹೂವು ಹಿಂದ್ಗಡೆ ಡಿಕ್ಕಿ ಮೇಲೆ ಇಡ್ತೀನಿ. ನನಗೋಸ್ಕರ ನೀವು ಸುಳ್ಳು ಹೇಳ್ಬೇಡಿ."

ಹದಿನೆಂಟು ವರ್ಷದಲ್ಲಿ ಅವರು ನನಗೇ ಅಂತ ಆಡಿದ ಮೊದಲ ಮಾತು. "ಆಗ್ಲಿ ಅತ್ತೆ" ಎಂದೆ.

ನಮ್ಮ ಮನೆಯ ತಿರುವು ಬಂತು. ಇನ್ನೊಂದು ಸುತ್ತು ಹೋಗಿಬರೋಣವೆನಿಸಿ, ನಾನು ತಿರುಗಿಸದೆ ನೇರ ಮುಂದಕ್ಕೆ ಹೋದೆ. ಅವರು ಬಾಗಿಲು ಬಿಟ್ಟು ಈಚೆಗೆ ಸರಿದು, ಆರಾಮವಾಗಿ ಒರಗಿ ಕೂತರು.