ಪುಟ್ಟರಾಯ ನೀರು ಕುಡಿದ ಬಾನಿ

ಬಂಡೆಯೊಳಗೆ ನಾನು ಎಷ್ಟು ಕಾಲ ಮಲಗಿದ್ದೆನೋ ತಿಳಿಯದು. ನನ್ನನ್ನು ಬಿಡಿಸಿ ತಂದು, ಉಳಿಯಿಂದ ಹೊಟ್ಟೆ ತೋಡಿದವನು ಒಬ್ಬ ಕಲ್ಲುಕುಟಿಗ. ಕೆಲಸ ಮುಗಿದ ಮೇಲೂ ಅಂಗೈಯಿಂದ ಒಳಗೆಲ್ಲ ಸವರಿ ನೋಡಿ, "ದನದ ನಾಲಗೆಗೆ ಚುಚ್ಚಬಾರದು" ಎಂದು ಮತ್ತೊಮ್ಮೆ ಉಜ್ಜಿದ. ಹೀಗೆ ನಾನು ಕಲ್ಲಿನ ಬಾನಿಯಾದೆ.

ಮೈಸೂರಿನ ಒಂದು ವಠಾರದ ಹಿತ್ತಲು ನನ್ನ ಮೊದಲ ನೆಲೆ. ಅಕ್ಕಿ ತೊಳೆದ ನೀರು, ಬಾಳೆಕಾಯಿ ಸಿಪ್ಪೆ, ಹಳಸಿದ ಅನ್ನ, ಎಲ್ಲ ಮನೆಗಳ ಕಲಗಚ್ಚೂ ನನ್ನೊಳಗೆ ಬೀಳುತ್ತಿತ್ತು. ಹಸುಗಳು ಕಣ್ಣು ಅರೆಮುಚ್ಚಿ ಹೀರುತ್ತಿದ್ದವು. ಅವುಗಳ ಬಿಸಿಯುಸಿರು ಈಗಲೂ ನನ್ನ ಅಂಚಿನ ಮೇಲೆ ಇದ್ದಂತೆ ಅನ್ನಿಸುತ್ತದೆ. ಆಮೇಲೆ ಹಸುಗಳು ಹೋದವು, ವಠಾರವನ್ನೂ ಕೆಡವಿದರು. ಒಂದು ಕಲ್ಯಾಣಮಂಟಪದ ಪಕ್ಕದಲ್ಲಿ ಕಾಗದದ ಲೋಟಗಳನ್ನು ತುಂಬಿಕೊಂಡು ಬಹಳ ಕಾಲ ಬಿದ್ದಿದ್ದೆ. ಬಡಾವಣೆಯವರು ನಾಯಿಗಳಿಗೆಂದು ಬೇಲಿ ಹಾಕಿಸಿ ಒಂದು ಪಾರ್ಕು ಮಾಡಿದಾಗ, ಕುಡಿಯುವ ನೀರಿಡಲು ನನ್ನನ್ನು ಲಾರಿಯಲ್ಲಿ ಹೊತ್ತು ತಂದರು.

ಗೋವಿನ ಬಾಯಿ ತಾಗಿದ ನನಗೆ ಇನ್ನು ನಾಯಿಯ ಬಾಯಿಯೇ ಎಂದು ಮೊದಮೊದಲು ಹಿಂಜರಿಕೆಯಾಯಿತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ಹೋಯಿತು. ಹಸು ಹೀರುತ್ತದೆ, ನಾಯಿ ನೆಕ್ಕುತ್ತದೆ. ಬಾಯಾರಿಕೆ ಎರಡಕ್ಕೂ ಒಂದೇ.

ದಿನವೂ ಸಂಜೆ ನನ್ನನ್ನು ತೊಳೆದು ನೀರು ತುಂಬುತ್ತಿದ್ದವರು ಗ್ರೇಸಿ ಟೀಚರ್. ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು. ದನಿ ಇನ್ನೂ ಮೈದಾನದ ದನಿಯೇ. ಅವರ ನಾಯಿಯ ಹೆಸರು ಟೈಸನ್. ಕರುವಿನಷ್ಟು ದೊಡ್ಡದು, ಆದರೆ ನೀರಿನಲ್ಲಿ ತನ್ನ ಮುಖ ಕಂಡರೂ ಹಿಂದಕ್ಕೆ ಹಾರುತ್ತಿತ್ತು. ಪುಟ್ಟರಾಯ ಮೊದಲು ಕುಡಿದು ತೋರಿಸಿದರೆ ಮಾತ್ರ ತಾನೂ ಬಾಯಿ ಇಡುತ್ತಿತ್ತು.

ಪುಟ್ಟರಾಯ ಎಂಬುದು ಕಂದುಬಣ್ಣದ ಬೀದಿನಾಯಿ. ರುಕ್ಮಾಬಾಯಿ ಎಂಬ ಗೃಹಿಣಿ ಮೋರಿಯಿಂದ ಎತ್ತಿ ತಂದು, ಹಾಗೆ ಹೆಸರಿಟ್ಟು ಸಾಕಿದ್ದರು. ಅವರ ಯಜಮಾನರು ಶ್ರೀಪತಿರಾಯರು. "ಮಡಿ ಮನೆಗೆ ನಾಯಿ ತಂದಳು, ಸಾಲದ್ದಕ್ಕೆ ಅದನ್ನೂ ರಾಯ ಮಾಡಿದಳು" ಎಂದು ರೇಗುತ್ತಲೇ ಅದರ ಬೆನ್ನು ಸವರುತ್ತಿದ್ದರು. ಪೂಜೆ ಮುಗಿಸಿದ ಗುರುತಾಗಿ ಅವರ ಹಣೆಯ ಮೇಲೆ ಕಪ್ಪು ಅಂಗಾರದ ಗೀಟು, ಕೆಂಪು ಅಕ್ಷತೆಯ ಬೊಟ್ಟು ಎದ್ದು ಕಾಣುತ್ತಿತ್ತು. ಕೆಳಗಿನಿಂದ ನೋಡುವ ನನಗೆ ಅದೇ ಅವರ ಮುಖ.

ಒಂದು ವರ್ಷ ರುಕ್ಮಾಬಾಯಿ ಜ್ವರದಲ್ಲಿ ತೀರಿಕೊಂಡರು. ಸೂತಕ ಕಳೆದ ಮೇಲೆ ರಾಯರು ನಾಯಿಯೊಡನೆ ಬಂದರು. ಹಣೆ ಖಾಲಿ. ಪುಟ್ಟರಾಯನ ಪಕ್ಕೆಲುಬು ಎಣಿಸುವಂತಿತ್ತು.

"ಏನ್ ರಾಯರೇ, ಹೊಟ್ಟೆಗೆ ಹಾಕ್ತಿಲ್ವಾ ಇದಕ್ಕೆ?" ಎಂದರು ಟೀಚರ್.

"ಹಾಕ್ತೀನಮ್ಮ. ಮೂಸಿ ನೋಡಿ ಹೋಗಿ ಮಲಗಿಬಿಡುತ್ತೆ. ಬಲವಂತ ಮಾಡಿದ್ರೆ ಎರಡು ಸಲ ನೆಕ್ಕುತ್ತೆ ಅಷ್ಟೇ. ಡಾಕ್ಟ್ರು ಕಾಯಿಲೆ ಏನಿಲ್ಲ ಅಂದ್ರು. ಅವಳ ಹಿಂದೇನೇ ಹೊರಟಿದೆ."

"ಸುಮ್ನಿರಿ. ನೀವು ಸ್ವಲ್ಪ ಆ ಕಡೆ ತಿರುಗಿ, ನಾನು ಇದಕ್ಕೆ ಮೊಟ್ಟೆ ಹಾಕ್ತೀನಿ."

ರಾಯರು ನಿಜವಾಗಿಯೂ ತಿರುಗಿ ನಿಂತರು! ಆದರೆ ಮೊಟ್ಟೆಯನ್ನು ಟೈಸನ್ನೇ ತಿಂದಿತು. ಪುಟ್ಟರಾಯ ನನಗೆ ಒರಗಿ ಮಲಗಿತು. ಅದರ ಮೈ ಎಷ್ಟು ಹಗುರವಾಗಿತ್ತೆಂದರೆ, ಒರಗಿದ್ದೇ ನನಗೆ ಸರಿಯಾಗಿ ತಿಳಿಯಲಿಲ್ಲ. ಅದು ನೀರಿಗೆ ಏಳಲಿಲ್ಲವೆಂದು ಟೈಸನ್ನೂ ಕುಡಿಯದೆ ಪಕ್ಕದಲ್ಲೇ ಕುಳಿತಿತು. ಹೀಗೆ ಕೆಲವು ಸಂಜೆಗಳು ಕಳೆದವು. ರಾಯರು ಡಬ್ಬಿಯಲ್ಲಿ ಮೊಸರನ್ನ ತರುವುದು, ಹಾಗೆಯೇ ಮುಚ್ಚಿಕೊಂಡು ಹೋಗುವುದು.

ಬೇಸಿಗೆ ರಜೆ ಶುರುವಾಗಿ, ಪಾರ್ಕಿನ ಬಾಗಿಲಿಗೆ ಸೋನ್ ಪಾಪಡಿಯ ತಳ್ಳುಗಾಡಿ ಬಂತು. ಗಾಡಿಯವನು ಹಿತ್ತಾಳೆಯ ಕೈಗಂಟೆಯನ್ನು ಒಂದೇ ಸಮನೆ ಅಲ್ಲಾಡಿಸಿದ. ಪುಟ್ಟರಾಯ ತಟ್ಟನೆ ಎದ್ದಿತು. ಕಿವಿ ನೆಟ್ಟಗಾಯಿತು. ಗಾಡಿಯ ಕಡೆ ನೋಡಲೇ ಇಲ್ಲ. ರಾಯರ ಡಬ್ಬಿಯ ಮುಂದೆ ಕಾಲು ಜೋಡಿಸಿ ಕುಳಿತು ಜೊಲ್ಲು ಸುರಿಸಿತು. ಮುಚ್ಚಳ ತೆಗೆದರೆ ಒಂದು ಅಗುಳೂ ಬಿಡಲಿಲ್ಲ.

ಟೀಚರ್ ಸೊಂಟದ ಮೇಲೆ ಕೈಯಿಟ್ಟರು. "ಮನೇಲಿ ಗಂಟೆ ಯಾವಾಗ ಬಾರಿಸ್ತೀರಿ?"

ರಾಯರು ಖಾಲಿ ಡಬ್ಬಿಯನ್ನು ಮುಚ್ಚಿದರು. ಆಮೇಲೆ, "ನೈವೇದ್ಯದ ಹೊತ್ತಿಗೆ. ಗಂಟೆ ಆದ ಮೇಲೇನೇ ಅವಳು ಇದಕ್ಕೆ ಅನ್ನ ಹಾಕ್ತಿದ್ದದ್ದು. ಮುಂಚೆ ಬಾಯಿ ಹಾಕಿದ್ರೆ ಗದರ್ತಿದ್ಳು" ಎಂದರು.

"ಈಗ?"

"ದೇವರ ಮನೆ ಬಾಗಿಲು ತೆಗೆದಿಲ್ಲ."

"ಅಯ್ಯೋ, ಯಾಕೆ?"

"ಅವಳನ್ನ ಉಳಿಸಿಕೊಡು ಅಂತ ದಿನಾ ಕೇಳಿಕೊಂಡೆ, ಟೀಚರ್. ಉಳಿಸಲಿಲ್ಲ. ಇನ್ಯಾವ ಮುಖ ಇಟ್ಕೊಂಡು ಗಂಟೆ ಬಾರಿಸಲಿ?"

ಟೀಚರ್ ದನಿ ತಗ್ಗಿತು. "ದೇವರ ಹತ್ರ ಜಗಳ ಆಡೋರು ನೀವು. ಅನ್ನ ಬಿಟ್ಟಿರೋದು ಇದು." ಮತ್ತೆ ಹಳೆಯ ಗತ್ತಿನಲ್ಲಿ, "ಬೇಡ ಅಂದ್ರೆ ಬಿಡಿ. ಆ ಸೋನ್ ಪಾಪಡಿಯವನ ಗಂಟೆ ಕೊಂಡ್ಕೊಂಡು ಹೋಗಿ. ಬಾಗಿಲು ತೆಗೆಯೋ ತಾಪತ್ರಯಾನೇ ಇಲ್ಲ" ಎಂದರು.

ಆ ಮಾತು ರಾಯರಿಗೆ ಚುಚ್ಚಿತು. ನಾಯಿಯನ್ನು ಎಳೆದುಕೊಂಡು ಹೊರಟುಹೋದರು. ಟೀಚರ್ ನನ್ನ ಅಂಚಿನ ಮೇಲೆ ಕುಳಿತು, "ಹೆಚ್ಚಾಯ್ತೇನೋ ಕಣೋ" ಎಂದು ಟೈಸನ್‌ಗೆ ಹೇಳಿದರು.

ಮರುದಿನ ಸಂಜೆ ಬಾಗಿಲ ಹತ್ತಿರ ಒಂದು ಹಣೆ ಕಾಣಿಸಿತು. ಅದರ ಮೇಲೆ ಅಂಗಾರದ ಗೀಟು, ಅಕ್ಷತೆ. ಗೀಟು ಸ್ವಲ್ಪ ಸೊಟ್ಟಗಿತ್ತು. ಪುಟ್ಟರಾಯ ನೇರವಾಗಿ ನನ್ನ ಬಳಿ ಬಂದು ನೀರಿಗೆ ಬಾಯಿ ಹಾಕಿತು. ಅದರ ಕಿವಿಯ ಪಕ್ಕದಿಂದ ಟೈಸನ್ ಕೂಡ ಮೂತಿ ತೂರಿಸಿತು.

"ಯಾರಿಗೋಸ್ಕರ ಬಾರಿಸಿದ್ರಿ ರಾಯರೇ, ನಾಯಿಗೋ ದೇವರಿಗೋ?"

"ಬಾಗಿಲು ತೆಗೆಯೋವಾಗ ನಾಯಿಗೆ ಅಂತಲೇ ತೆಗೆದೆ" ಎಂದರು ರಾಯರು. ನಿಧಾನವಾಗಿ ನನ್ನ ಪಕ್ಕ ಕುಳಿತರು. "ಒಳಗೆ ನೋಡ್ತೀನಿ, ಸಾಲಿಗ್ರಾಮದ ಮೇಲೆ ಅವಳು ಕಡೇ ಸಲ ಏರಿಸಿದ ತುಳಸಿ ಒಣಗಿ ಹಾಗೇ ಇದೆ. ಒಂದು ಹನಿ ನೀರು ಹಾಕೋರಿರಲಿಲ್ಲ. ಇಷ್ಟು ದಿನ ಆ ಕತ್ತಲಲ್ಲಿ ಅವನೂ ಉಪವಾಸ ಇದ್ದ, ಟೀಚರ್. ನನ್ನನ್ನ ಒಂದು ಮಾತೂ ಕೇಳಲಿಲ್ಲ."

ರಾಯರ ಕಣ್ಣೀರು ಒಂದೆರಡು ಹನಿ ನನ್ನ ನೀರಿಗೆ ಬಿತ್ತು. ನಾಯಿಗಳು ಅದನ್ನೂ ಕುಡಿದವು.

ಅದೆಲ್ಲ ಹಳೆಯ ಮಾತು. ಅವರು ನಾಲ್ವರೂ ಈಗಿಲ್ಲ. ನನ್ನ ತಳ ಬಿರುಕುಬಿಟ್ಟಿದೆ. ಹೊಯ್ದ ನೀರು ನಿಲ್ಲುವುದಿಲ್ಲ. ನನ್ನನ್ನು ಬೇಲಿಯ ಮೂಲೆಗೆ ಸರಿಸಿ, ನನ್ನ ಜಾಗದಲ್ಲಿ ಹೊಳೆಯುವ ಸ್ಟೀಲಿನ ತೊಟ್ಟಿ ಇಟ್ಟಿದ್ದಾರೆ. ಬೇಸರವಿಲ್ಲ. ಕೊಟ್ಟದ್ದನ್ನು ಹಿಡಿದುಕೊಂಡು ಕಾಯುವುದಷ್ಟೇ ನನ್ನ ಬದುಕಾಗಿತ್ತು. ಕಾಯುವವರ ಸಂಕಟ ನನಗೆ ಗೊತ್ತು. ಅದಕ್ಕೇ ಒಂದು ಮಾತು: ದುಃಖದಲ್ಲಿ ಬಾಗಿಲು ಹಾಕಿಕೊಂಡವರೇ, ನಿಮ್ಮ ಕೈಯ ಅನ್ನಕ್ಕಾಗಿ ಯಾರು ಯಾರು ಕುಳಿತಿದ್ದಾರೆ ಎಂದು ಒಮ್ಮೆ ನೋಡಿ. ಹೊಸಿಲಿನ ಹೊರಗೂ ನೋಡಿ, ಒಳಗೂ ನೋಡಿ.