ಹುಲಿಯಮ್ಮನ ಕುಡಿಯುವ ಊಟ

ಮೇಳಿಗೆ ಊರಿನಲ್ಲಿ ಹುಲಿಯಮ್ಮನ ಕೈರುಚಿಯನ್ನು ಹೊಗಳುವವರು ಬಹಳ ಮಂದಿ ಇದ್ದರು. ಅವರಲ್ಲಿ ಮೊದಲನೆಯವಳು ಹುಲಿಯಮ್ಮನೇ. ತಾನು ಸಾರಿಗೆ ಒಗ್ಗರಣೆ ಕೊಟ್ಟರೆ ತೀರ್ಥಹಳ್ಳಿ ಕೋರ್ಟಿನಲ್ಲಿ ವಾದಿಸುತ್ತಿರುವ ವಕೀಲರ ಬಾಯಲ್ಲಿ ನೀರೂರಿ ಕೇಸು ಮುಂದಕ್ಕೆ ಹೋಗುತ್ತದೆ ಎಂದು ಅವಳು ಒಂಚೂರೂ ನಗದೆ ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಣ್ಣ ಧರ್ಮಪ್ಪನ ಮನೆಗೆ ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ಅಷ್ಟು ವರ್ಷವೂ ಆ ಮನೆಯ ಒಲೆ ಅವಳದೇ ರಾಜ್ಯ.

ಧರ್ಮಪ್ಪನಿಗೆ ಅರವತ್ತೆಂಟು. ಸಕ್ಕರೆ ಕಾಯಿಲೆ ಹಿಡಿದು ನಾಲ್ಕು ವರ್ಷ. ಈ ಸಲ ವಸಡು ಕೀವುಗಟ್ಟಿ, ತೀರ್ಥಹಳ್ಳಿಯ ಡಾಕ್ಟರು ಅವನ ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲನ್ನೂ ಕಿತ್ತುಹಾಕಿದರು. ಆಮೇಲೆ ಹುಲಿಯಮ್ಮನನ್ನು ಕರೆದು ಹೇಳಿದರು: "ಇನ್ನು ಅಗಿಯೋದು ಏನೂ ಇಲ್ಲ, ಕುಡಿಯೋದೇ. ಅಕ್ಕಿ ಗಂಜಿ ಬೇಡ, ಸಕ್ಕರೆ ಕಣ್ಣಿಗೂ ತೋರಿಸ್ಬೇಡಿ. ಸಕ್ಕರೆ ಇಳಿಯದೆ ಗಾಯ ಮಾಯಲ್ಲ. ಮುಂದಿನ ಗುರುವಾರವೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಸೇರಿಸೋದೇ ದಾರಿ."

ದೊಡ್ಡಾಸ್ಪತ್ರೆ ಎಂಬ ಮಾತಿಗೆ ಧರ್ಮಪ್ಪನ ಮುಖ ಬಾಡಿತು. ಮೂರು ವರ್ಷದ ಹಿಂದೆ ಅವನ ಹೆಂಡತಿ ತಾನೇ ನಡೆದು ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದಳು. ತಿರುಗಿ ಬರಲಿಲ್ಲ.

"ಹುಲೀ, ಅಲ್ಲಿಗೆ ಮಾತ್ರ ಕಳಿಸ್ಬೇಡ," ಎಂದ ಬಸ್ಸಿನಲ್ಲಿ, ಹತ್ತಿ ತುರುಕಿದ ಬಾಯಲ್ಲೇ.

"ನಾನಿರೋವಾಗ ನೀ ಯಾಕೆ ಹೆದರ್ತೀಯಾ ಅಣ್ಣಯ್ಯ? ನನ್ನ ಕೈಲಿ ಕುಡಿದ್ರೆ ಎಂಟೇ ದಿನಕ್ಕೆ ನಿಂಗೆ ಹೊಸ ಹಲ್ಲೇ ಮೊಳೀತಾವೆ ನೋಡು," ಎಂದಳು ಹುಲಿಯಮ್ಮ.

ಮನೆಗೆ ಬಂದವಳೇ ಸಕ್ಕರೆ ಡಬ್ಬವನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಳು. ಹುರುಳಿ ಬೇಯಿಸಿ ಕಟ್ಟು ಬಸಿದಳು. ಒಂದೆಲಗ ಅರೆದು, ಮಜ್ಜಿಗೆಯಲ್ಲಿ ಕದಡಿ ತಂಬುಳಿ ಮಾಡಿದಳು. ಬಸಳೆ ಸೊಪ್ಪು ಬೇಯಿಸಿ, ಕಿವುಚಿ, ಹಳೇ ಪಂಚೆಯ ತುಂಡಿನಲ್ಲಿ ಒಂದು ಎಳೆ ನಾರೂ ಉಳಿಯದಂತೆ ಸೋಸಿದಳು. ಹಾಗೆ ಹಿಂಡಿ ಹಿಂಡಿ ತನ್ನ ಮುಂಗೈ ಪೈಲ್ವಾನರ ಮುಂಗೈ ಆಗಿದೆ ಎಂದು ಪಕ್ಕದ ಮನೆಯ ಯಮುನಮ್ಮನಿಗೆ ತೋರಿಸಿಕೊಂಡು ಬಂದಳು.

ಧರ್ಮಪ್ಪನ ಸೊಸೆ ವನಮಾಲಾ ಊರ ಶಾಲೆಯಲ್ಲಿ ಮೇಡಂ. ಅವಳ ಗಂಡ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದಲ್ಲಿದ್ದ. ಡಾಕ್ಟರು ನೀಲಿ ಔಷಧಿಯ ಬಾಟಲಿ, ಗಾಜಿನ ಕೊಳವೆ, ಸ್ಪಿರಿಟ್ ದೀಪ ಕೊಟ್ಟು ಅವಳಿಗೆ ಪರೀಕ್ಷೆ ಕಲಿಸಿದ್ದರು. ದಿನಾ ಬೆಳಿಗ್ಗೆ ಮಾವನ ಮೂತ್ರದ ಎಂಟು ಹನಿಯನ್ನು ನೀಲಿ ಔಷಧಿಗೆ ಬಿಟ್ಟು ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಕೆಂಪಾದರೆ ಕೇಳುವುದೇ ಬೇಡ.

ಮೊದಲ ದಿನ ಕೆಂಪು. ಎರಡನೆಯ ದಿನ ಕೆಂಪು. ಮೂರನೆಯ ದಿನ ವನಮಾಲಾ ಕೊಳವೆಯನ್ನು ಬೆಳಕಿಗೆ ಹಿಡಿದು, "ಮತ್ತೆ ಹೆಂಚಿನ ಬಣ್ಣ, ಅತ್ತೆಮ್ಮ," ಎಂದಳು.

ಹುಲಿಯಮ್ಮ ನೇರ ಅಣ್ಣನ ಮಂಚದ ಬಳಿಗೆ ಹೋದಳು.

"ಅಣ್ಣಯ್ಯ, ಬಾಯಿ ತೆಗಿ ನೋಡನ."

"ಎಂತಕ್ಕೆ?"

"ಕದ್ದು ತಿಂದಿದ್ದು ಹಲ್ಲಿನ ಸಂದೀಲಿ ಸಿಕ್ಕೊಂಡಿರತ್ತೆ."

"ಹಲ್ಲೇ ಇಲ್ಲ, ಸಂದಿ ಎಲ್ಲಿಂದ ತರ್ಲಿ ಮಾರಾಯ್ತಿ?"

ಅವಳು ದಿಂಬು ಕೊಡವಿದಳು, ಹಾಸಿಗೆ ಮಗುಚಿದಳು, ಕೋಟಿನ ಜೇಬಿಗೆ ಕೈ ಹಾಕಿದಳು. ಸಿಕ್ಕಿದ್ದು ನಶ್ಯದ ಡಬ್ಬಿ ಒಂದೇ. ಅದನ್ನೂ ನೆಕ್ಕಿ ನೋಡಿ ಅರ್ಧ ಗಂಟೆ ಸೀನಿದಳು. ಧರ್ಮಪ್ಪ ಕದ್ದೆ ಎನ್ನಲಿಲ್ಲ, ಕದಿಯಲಿಲ್ಲ ಎಂದೂ ಹೇಳಲಿಲ್ಲ. ಸುಮ್ಮನೆ ಸೂರು ನೋಡುತ್ತಿದ್ದ. ಹುಲಿಯಮ್ಮನಿಗೆ ಅಷ್ಟು ಸಾಕ್ಷಿ ಸಾಕಾಯಿತು.

"ನಮ್ಮಣ್ಣಯ್ಯ ಸಕ್ಕರೆ ಕಳ್ಳ ಆಗಿದಾನೆ ಯಮುನಮ್ಮ," ಎಂದು ಬೇಲಿಯ ಬಳಿ ನಿಂತು ಸಾರಿದಳು. "ಇರುವೆಗಳೇ ಇವನ ಹತ್ರ ಪಾಠ ಕಲಿಬೇಕು. ನಿಮ್ಮನೆ ಡಬ್ಬಾನೂ ಒಳಗಿಟ್ಕಳಿ!"

ನಾಲ್ಕನೆಯ ದಿನ, ಐದನೆಯ ದಿನ, ಕೆಂಪೇ. ವಸಡು ಊದಿಯೇ ಇತ್ತು. ಹುಲಿಯಮ್ಮ ಅಣ್ಣನ ಕೋಣೆಯ ಬಾಗಿಲಲ್ಲೇ ಕೂತು ಕಾವಲು ಕಾದಳು. ಅವನು ಹಿತ್ತಲಿಗೆ ಹೋದರೂ ಹಿಂದೆಯೇ ಹೋದಳು. ಮಂಗಳವಾರದ ಹೊತ್ತಿಗೆ ಅವಳ ಜೋರು ಇಳಿದಿತ್ತು. ಗುರುವಾರಕ್ಕೆ ಇನ್ನೆರಡೇ ದಿನ. ಧರ್ಮಪ್ಪ ಯಾರಿಗೂ ಹೇಳದೆ ತನ್ನ ಎರಡು ಪಂಚೆಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುವುದನ್ನು ಅವಳು ಕಂಡಳು.

ಅದೇ ಸಂಜೆ ವನಮಾಲಾ ನೋಟುಪುಸ್ತಕ ಹಿಡಿದು ಅಡುಗೆಮನೆಗೆ ಬಂದು ಮಣೆ ಹಾಕಿ ಕೂತಳು. "ಡಾಕ್ಟರು ಹೇಳಿ ಕಳ್ಸಿದಾರೆ ಅತ್ತೆಮ್ಮ. ಮಾವಯ್ಯಂಗೆ ಏನೇನು ಕುಡಿಸ್ತೀವಿ, ಅದಕ್ಕೆ ಏನೇನು ಹಾಕ್ತೀವಿ, ಎಲ್ಲ ಬರ್ಕಂಡು ಬರ್ಬೇಕಂತೆ. ನೀವು ಹೇಳಿ, ನಾನು ಬರೀತೀನಿ."

ತನ್ನ ಅಡುಗೆ ಡಾಕ್ಟರ ಮೇಜಿನವರೆಗೆ ಹೋಗುತ್ತದೆ ಎಂದು ಹುಲಿಯಮ್ಮ ಅಷ್ಟು ದುಃಖದಲ್ಲೂ ಸ್ವಲ್ಪ ಉಬ್ಬಿದಳು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಹೇಳುತ್ತಿತ್ತು.

"ಬರಿ. ಹುರುಳಿ ಕಟ್ಟು, ಎರಡು ಲೋಟ. ಉಪ್ಪು. ಹುಣಸೆ ರಸ. ಜೀರಿಗೆ, ಎರಡು ಕಾಳು ಮೆಣಸು. ಬೆಳ್ಳುಳ್ಳಿ ಜಜ್ಜಿದ್ದು. ಆಮೇಲೆ ಇಷ್ಟು..."

ವನಮಾಲಾಳ ಪೆನ್ನು ನಿಂತಿತು. "ಅದೆಂತ ಹಾಕಿದ್ರಿ ಈಗ?"

"ಎಲ್ಲಿ?"

"ಸೌಟಲ್ಲಿ, ಅತ್ತೆಮ್ಮ."

ಹುಲಿಯಮ್ಮ ತನ್ನ ಬಲಗೈಯನ್ನು ನೋಡಿದಳು. ಒಲೆಯ ಪಕ್ಕದ ಭರಣಿಯಿಂದ ತೆಗೆದ ಅರ್ಧ ಸೌಟು ಜೋನಿ ಬೆಲ್ಲ ಎಳೆ ಎಳೆಯಾಗಿ ಪಾತ್ರೆಗೆ ಇಳಿಯುತ್ತಿತ್ತು.

"ಇದಾ? ಇದು ಸಿಹಿಗಲ್ಲ ಕಣೆ, ಹದಕ್ಕೆ. ಹುಳಿ ಹಿಂಡಿದ ಮೇಲೆ ಇಷ್ಟು ಬೆಲ್ಲ ಬೀಳ್ದೇ ಇದ್ರೆ ಬಾಯಿಗೆ ಹೊಡಿಯತ್ತಲ್ಲೆ! ನಮ್ಮವ್ವ ಹಾಕ್ತಿದ್ಳು, ಅವರವ್ವ ಹಾಕ್ತಿದ್ಳು..."

"ತಂಬುಳಿಗೂ ಹಾಕ್ತೀರಾ?"

"ತಂಬುಳಿಗೆ ಹಾಕ್ದೆ ಇರ್ತಾರಾ?"

"ಬಸಳೆ ಸಾರಿಗೆ?"

ಹುಲಿಯಮ್ಮ ಸೌಟನ್ನು ಕೆಳಗಿಟ್ಟಳು. ಬೆಳಿಗ್ಗೆ ಅರ್ಧ ಸೌಟು, ಮಧ್ಯಾಹ್ನ ಅರ್ಧ, ರಾತ್ರಿ ಅರ್ಧ. ಡಾಕ್ಟರು ಸಕ್ಕರೆ ಎಂದಿದ್ದರು. ಅವಳು ಸಕ್ಕರೆಗೆ ಬೀಗ ಹಾಕಿದ್ದಳು. ಬೆಲ್ಲವನ್ನು ಅವಳು ಯಾವತ್ತೂ ಹಾಕಿರಲಿಲ್ಲ. ಅವಳ ಕೈ ಹಾಕಿತ್ತು. ಐವತ್ತು ವರ್ಷ ಒಲೆ ಮುಂದೆ ಕೂತ ಕೈಗೆ ಯಜಮಾನಿಯ ಅಪ್ಪಣೆ ಬೇಕಿರಲಿಲ್ಲ.

ಅಣ್ಣನ ಕೋಣೆಗೆ ಹೋಗಲು ಹತ್ತು ಹೆಜ್ಜೆ. ಆವತ್ತು ಅದು ಕೊಡಚಾದ್ರಿ ಹತ್ತಿದಷ್ಟು ದೂರ ಆಯಿತು.

"ಅಣ್ಣಯ್ಯ, ಕಳ್ಳ ನೀನಲ್ಲ. ನಾನು. ಅಡುಗೆಗೆ ಬೆಲ್ಲ ಹಾಕ್ತಿದ್ದೆ."

ಧರ್ಮಪ್ಪ ಸೂರನ್ನೇ ನೋಡುತ್ತ, "ನಂಗೊತ್ತಿತ್ತು," ಎಂದ.

"ಎಂತ ಗೊತ್ತಿತ್ತು?"

"ನಾಲಿಗೆ ಕೀಳ್ಸಿಲ್ಲಲ್ಲೆ ನಾನು, ಬರೀ ಹಲ್ಲು. ಮೊದಲ್ನೇ ಗುಟುಕಿಗೇ ಗೊತ್ತಾತು."

"ಮತ್ತೆ ಊರಿಗೆಲ್ಲ ಕಳ್ಳ ಅಂತ ಸಾರ್ದಾಗ ಬಾಯಿಗೆಂತ ಆಗಿತ್ತು ನಿಂಗೆ?"

"ಹೇಳಿದ್ರೆ ನಿಲ್ಸ್ತಿದ್ದೆ ನೀನು. ಇಷ್ಟರಿಂದ ಎಂತ ಆಗತ್ತೆ ಅಂದ್ಕಂಡೆ. ಕಳ್ಳ ಅನ್ನಿಸ್ಕಳದು ಅಷ್ಟೇನು ಕಷ್ಟ ಇಲ್ಲ, ಹುಲೀ. ಕಟ್ಟು ಬಾಳ ರುಚಿ ಇತ್ತು."

ಇಪ್ಪತ್ತೆರಡು ವರ್ಷದಲ್ಲಿ ಅಣ್ಣ ಹೊಗಳಿದ್ದು ಇದೇ ಮೊದಲು. ಅದೂ ಇಂಥಾ ಹೊತ್ತಲ್ಲಿ. ಹುಲಿಯಮ್ಮನಿಗೆ ನಗಬೇಕೋ ಅವನಿಗೆ ಬಾರಿಸಬೇಕೋ ತಿಳಿಯದೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಬೆಲ್ಲದ ಭರಣಿ ಆಗಲೇ ಯಮುನಮ್ಮನ ಮನೆಗೆ ಹೋಯಿತು. ಭರಣಿ ಇಲ್ಲದಿದ್ದರೂ ಬಲಗೈ ಆ ಮೂಲೆಗೆ ಹೋಗಿ ಗಾಳಿಯಲ್ಲಿ ತಡಕಾಡುತ್ತಿತ್ತು. ಹುಲಿಯಮ್ಮ ಅದನ್ನು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡು ಎಡಗೈಯಲ್ಲೇ ಅಡುಗೆ ಮಾಡಿದಳು. ಅರ್ಧ ಕಟ್ಟು ಪಾತ್ರೆಗೆ, ಅರ್ಧ ಒಲೆಗೆ. ರುಚಿ ನೋಡಿದವಳ ಮುಖ ಬೇವಿನೆಣ್ಣೆ ಕುಡಿದ ಬೆಕ್ಕಿನ ಮುಖ ಆಯಿತು ಎಂದು ವನಮಾಲಾ ಹೇಳಿದಳು. ಧರ್ಮಪ್ಪ ಕಣ್ಣು ಮುಚ್ಚಿ ಮೂಗು ಹಿಡಿದು ಕುಡಿದ.

ಬುಧವಾರ ಬೆಳಿಗ್ಗೆ ಕೊಳವೆಯಲ್ಲಿ ಹಳದಿ. ಗುರುವಾರ ಹಸಿರು, ಗದ್ದೆಯ ಸಸಿಮಡಿಯ ಹಸಿರು. ಹುಲಿಯಮ್ಮ ಆ ಕೊಳವೆಗೆ ಕೈಮುಗಿದೇಬಿಟ್ಟಳು. ಒಳಗಿರುವುದು ಎಂಥದು ಎಂದು ನೆನಪಾದದ್ದು ಆಮೇಲೆ.

ತೀರ್ಥಹಳ್ಳಿಯಲ್ಲಿ ಡಾಕ್ಟರು ಧರ್ಮಪ್ಪನ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಊತ ಇಳಿಯಲು ಶುರುವಾಗಿತ್ತು. "ದೊಡ್ಡಾಸ್ಪತ್ರೆ ಸದ್ಯಕ್ಕೆ ಬೇಡ. ಇನ್ನೂ ಹದಿನೈದು ದಿನ ಹೀಗೇ ಕುಡಿಸಿ," ಎಂದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಧರ್ಮಪ್ಪ ಪಂಚೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆಮೇಲೆ ಕೇಳಿದ: "ಮನೆಗೆ ಹೋಗಿ ಎಂತ ಕುಡಿಸ್ತೀಯೆ?"

"ಹುರುಳಿ ಕಟ್ಟೇ ಅಣ್ಣಯ್ಯ, ಮತ್ತೆಂತ? ನಿಂಗೊಬ್ನಿಗೇ ಶಿಕ್ಷೆ ಬೇಡ. ಜೊತೇಲಿ ಕೂತು ನಾನೂ ಒಂದು ಲೋಟ ಕುಡೀತೀನಿ."

"ಅದೊಂದು ಮಾತ್ರ ಬೇಡ ಮಾರಾಯ್ತಿ," ಎಂದ ಧರ್ಮಪ್ಪ. "ಕುಡಿಯೋವಾಗಿನ ನಿನ್ನ ಮುಖ ನೋಡಿದ್ರೆ ನಂದೂ ಗಂಟ್ಲಲ್ಲಿ ಇಳಿಯಲ್ಲ."